ಒಲೆಗೆ ಹೋದ ಡಾರ್ಕ್ ಸ್ಲೈಡುಗಳು



ಹಳೆಯ ಪ್ಲೇಟ್ ಕ್ಯಾಮೆರಾವನ್ನು ಚಾವಡಿಯಲ್ಲಿ ಮುಕ್ಕಾಲಿಯ ಮೇಲೆ ನಿಲ್ಲಿಸಿ, ಪಕ್ಕದಲ್ಲೊಂದು ಹೂದಾನಿ ಇಡುವ ಹವ್ಯಾಸ ಈಗ ಬಂಟ್ವಾಳದಿಂದ ಬೆಳ್ತಂಗಡಿಯವರೆಗೂ ಹಬ್ಬಿದೆ. ಮರಕ್ಕೆ ಪಾಲಿಶ್, ಹಿತ್ತಾಳೆಗೆ ಹುಣಸೆಹುಳಿಯ ಹೊಳಪು, ಎಲ್ಲವೂ ಚೆನ್ನ. ‘ಇದರ ಡಾರ್ಕ್ ಸ್ಲೈಡುಗಳೆಲ್ಲಿ?’ ಎಂದು ಕೇಳಿದರೆ ಮಾತ್ರ ಮನೆಯವರು ಮುಖಮುಖ ನೋಡಿಕೊಳ್ಳುತ್ತಾರೆ. ‘ಆ ಚಪ್ಪಟೆ ಮರದ ಪೆಟ್ಟಿಗೆಗಳೇ ಮಾಷ್ಟ್ರೇ? ಅಟ್ಟ ಗುಡಿಸಿದಾಗ ಬಚ್ಚಲೊಲೆಗೆ ಹಾಕಿದೆವು.’

ಆ ಪೆಟ್ಟಿಗೆಯೇ ಹೋಲ್ಡರು. ಬೆಳಕು ತಾಗದಂತೆ ಗಾಜಿನ ಪ್ಲೇಟನ್ನು ಹೊತ್ತು ಕ್ಯಾಮೆರಾದ ಬೆನ್ನಿಗೆ ಕೂರುವುದು ಅದು. ಅದಿಲ್ಲದ ಕ್ಯಾಮೆರಾ ಕ್ಯಾಮೆರಾವೇ ಅಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ.

‘ಇನ್ನೊಂದನ್ನು ಕೊಂಡರಾಯಿತು’ ಎನ್ನುವವರಿಗೆ ಕಷ್ಟದ ಅರಿವಿಲ್ಲ. ಹಾಫ್ ಪ್ಲೇಟ್ ಎಂದರೆ 4¾ ಅಂಗುಲಕ್ಕೆ 6½ ಅಂಗುಲ. ಇದು ಗಾಜಿನ ಅಳತೆಯೇ ಹೊರತು ಹೋಲ್ಡರಿನದಲ್ಲ. ಹೊರಚೌಕಟ್ಟಿನ ಅಗಲ, ಜಾರುವ ಅಂಚು, ಕೂರುವ ಕಚ್ಚು ಇವೆಲ್ಲ ತಯಾರಕರಿಂದ ತಯಾರಕರಿಗೆ ಬೇರೆ. 9×12 ಸೆಂಟಿಮೀಟರಿನ ಜರ್ಮನ್ ಕ್ಯಾಮೆರಾಗಳದೂ ಇದೇ ಪಾಡು. 1940ರ ದಶಕದಲ್ಲಿ ಆಲಪ್ಪುಳದಲ್ಲಿ ಕೆ. ಕರುಣಾಕರನ್ ಅವರು ತಯಾರಿಸತೊಡಗಿದ ನಮ್ಮದೇ ಕರಾವಳಿಯ ವಾಗೀಶ್ವರಿ ಕ್ಯಾಮೆರಾಕ್ಕೆ ಇಂಗ್ಲೆಂಡಿನ ಹೋಲ್ಡರು ಹೊಂದಲೇಬೇಕೆಂಬ ನಿಯಮವೇನೂ ಇಲ್ಲ. ಹೊಂದಿದರೂ ಸಾಲದು. ಗ್ರೌಂಡ್ ಗ್ಲಾಸಿನ ಉಜ್ಜಿದ ಮೈ ಎಷ್ಟು ಆಳದಲ್ಲಿದೆಯೋ ಪ್ಲೇಟಿನ ಮೈಯೂ ಅಷ್ಟೇ ಆಳದಲ್ಲಿ ನಿಲ್ಲಬೇಕು. ಇಲ್ಲವಾದರೆ ಗಾಜಿನಲ್ಲಿ ಸ್ಫುಟವಾಗಿ ಕಂಡ ಮುಖ ಚಿತ್ರದಲ್ಲಿ ಮಸುಕು. ಗಾಜಿನ ಬದಲು ತೆಳು ಫಿಲ್ಮ್ ಹಾಕುವುದಾದರೆ ಅದನ್ನು ಸೆಟೆದು ಹಿಡಿಯುವ ತಗಡಿನ ಒರೆಯೂ ಬೇಕು. ಆ ತಗಡುಗಳನ್ನಂತೂ ಗುಜರಿಯವನು ಮೊದಲೇ ಒಯ್ದಿರುತ್ತಾನೆ.

‘ಈ ಕಾಲದಲ್ಲಿ ಅದರಿಂದ ಫೋಟೋ ತೆಗೆಯುವವರಾರು?’ ಎಂಬ ಮಾತೂ ಕೇಳಿದ್ದೇನೆ. ತೆಗೆಯುವವರಿದ್ದಾರೆ. ಇಂಗ್ಲೆಂಡಿನ ಇಲ್ಫೋರ್ಡ್ ಹೆಸರಿನ ಫಿಲ್ಮನ್ನು ವರ್ಷಕ್ಕೊಮ್ಮೆ ವಿಶೇಷ ಬೇಡಿಕೆಯ ಮೇರೆಗೆ ಇಂಥ ಹಳೆಯ ಅಳತೆಗಳಲ್ಲೂ ಕತ್ತರಿಸಿಕೊಡುವ ಕ್ರಮವಿದೆ. ಎಕ್ಸ್‌ರೇ ಫಿಲ್ಮನ್ನು ಕೆಂಪು ದೀಪದಲ್ಲಿ ಕತ್ತರಿಸಿ ಬಳಸುವ ಉತ್ಸಾಹಿಗಳೂ ಇದ್ದಾರೆ.

ಮೂಡುಬಿದಿರೆಯ ಬಸದಿಯಲ್ಲಿ ಧವಲಾ ಗ್ರಂಥದ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿದ ಸೀಮೆ ನಮ್ಮದು. ಅಲ್ಲಿ ಯಾರೂ ಅಂದದ ಹಲಗೆಗಳನ್ನು ಉಳಿಸಿಕೊಂಡು ಗರಿಗಳನ್ನು ಒಲೆಗೆ ಹಾಕಲಿಲ್ಲ! ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ಹಳೆಯ ಕ್ಯಾಮೆರಾಗಳ ಸಾಲನ್ನು ನೋಡಿ ಬೆರಗಾಗುವ ನಾವು, ಮನೆಯದನ್ನು ಮಾತ್ರ ಅರ್ಧ ಸುಟ್ಟು ಅರ್ಧ ಮೆರೆಸುತ್ತೇವೆ.

ಹೋಲ್ಡರು ಕಳೆದುಕೊಂಡವರು ಜಾಲದಲ್ಲಿ ಕಂಡದ್ದಕ್ಕೆಲ್ಲ ಹಣ ಸುರಿಯುವ ಮೊದಲು ಊರಿನ ಒಳ್ಳೆಯ ಆಚಾರಿಯನ್ನು ಕಾಣಲಿ. ಕ್ಯಾಮೆರಾವನ್ನೇ ಅವರ ಮುಂದಿಟ್ಟು, ಬೆನ್ನಿನ ಅಗಲ, ಕಚ್ಚಿನ ಸ್ಥಾನ, ಗ್ರೌಂಡ್ ಗ್ಲಾಸಿನ ಆಳ ಈ ಮೂರನ್ನು ಅಳೆಸಿ ಒಂದನ್ನು ಮಾಡಿಸಲಿ. ಅಟ್ಟದಲ್ಲಿ ಒಂಟಿ ಡಾರ್ಕ್ ಸ್ಲೈಡ್ ಸಿಕ್ಕಿದವರು ದಯವಿಟ್ಟು ಒಲೆಯ ಕಡೆ ನೋಡದೆ, ಅದರ ಹೊರ ಅಳತೆ ಬರೆದು ನನಗೆ ತಿಳಿಸಿ. ಅದರ ಕ್ಯಾಮೆರಾ ನಿಮ್ಮದೇ ದಾಯಾದಿಯ ಚಾವಡಿಯಲ್ಲಿ ಹೂದಾನಿಯ ಪಕ್ಕ ನಿಂತಿರಬಹುದು.