ಹಳದಿ ಹೊಟ್ಟೆಯ, ಬಾಲ ಕುಣಿಸುವ ಈ ಪುಟ್ಟ ಹಕ್ಕಿ ಯಾವುದು? ಮೊಟ್ಟೆ ಇಡಲು ನಮ್ಮೂರಿಗೆ ಬರುತ್ತದೆಯೇ?

ಮಳೆಗಾಲ ಮುಗಿಯುತ್ತಿದ್ದಂತೆ ವಾಟ್ಸಾಪ್ ಗುಂಪುಗಳಲ್ಲಿ ಹಕ್ಕಿಗಳ ಫೋಟೋ ಹರಿದಾಡಲು ಶುರುವಾಗುತ್ತದೆ. ಬೂದು ಬೆನ್ನು, ಹಳದಿ ಹೊಟ್ಟೆ, ಉದ್ದ ಬಾಲದ ಒಂದು ಪುಟ್ಟ ಹಕ್ಕಿ. ಕೆಳಗೆ ಒಂದು ಸಾಲು: ‘ಅಪರೂಪದ ವಿದೇಶಿ ಹಕ್ಕಿ, ಮೊಟ್ಟೆ ಇಡಲು ಬಂದಿದೆ, ಎಲ್ಲರಿಗೂ ಶೇರ್ ಮಾಡಿ.’ ಇದರಲ್ಲಿ ನಿಜವೆಷ್ಟು ಎಂದು ನೋಡೋಣ.

ಹಕ್ಕಿ ಯಾವುದು?

ಇದು ಬೂದು ಸಿಪಿಲೆ. ಸಿಪಿಲೆಗಳನ್ನು ಕುಂಡೆಕುಸ್ಕ ಎಂದೂ ಕರೆಯುತ್ತಾರೆ. ಕೊಕ್ಕಿನಿಂದ ಬಾಲದ ತುದಿಯವರೆಗೆ ಸುಮಾರು 18 ಸೆಂ.ಮೀ. ಇದ್ದರೂ ಅದರಲ್ಲಿ ಅರ್ಧದಷ್ಟು ಬಾಲವೇ. ಹಕ್ಕಿಯ ತೂಕ 20 ಗ್ರಾಂ ಆಸುಪಾಸು. ಇದು ಅಪರೂಪದ್ದೇನಲ್ಲ. ಚಳಿಗಾಲದಲ್ಲಿ ಪಶ್ಚಿಮ ಘಟ್ಟದ ಹಳ್ಳ-ತೊರೆಗಳ ಬಳಿ, ಕಾಡಿನ ದಾರಿಗಳಲ್ಲಿ ಸಾಮಾನ್ಯವಾಗಿ ಕಾಣುತ್ತದೆ.

ಗೊಂದಲವಾಗುವುದು ಎಲ್ಲಿ?

ಹಳದಿ ಸಿಪಿಲೆ ಎಂಬ ಇನ್ನೊಂದು ವಲಸೆ ಹಕ್ಕಿಯಿದೆ. ಫೋಟೋದಲ್ಲಿ ಎರಡೂ ಒಂದೇ ಎನಿಸಬಹುದು. ಕಾಲು ನೋಡಿ: ಬೂದು ಸಿಪಿಲೆಯದು ನಸುಗೆಂಪು, ಹಳದಿ ಸಿಪಿಲೆಯದು ಕಪ್ಪು. ಬಾಲ ಬೂದು ಸಿಪಿಲೆಗೇ ಹೆಚ್ಚು ಉದ್ದ.

ಇದಕ್ಕಿಂತ ಸುಲಭದ ಸುಳಿವು ಜಾಗ. ಬೂದು ಸಿಪಿಲೆ ಹೆಚ್ಚಾಗಿ ಒಂಟಿಯಾಗಿ, ಹರಿಯುವ ನೀರಿನ ಕಲ್ಲುಗಳ ಮೇಲೆ ಓಡಾಡುತ್ತಾ ಹುಳ ಹೆಕ್ಕುತ್ತದೆ. ಹಳದಿ ಸಿಪಿಲೆ ಗದ್ದೆ, ಕೆರೆಯಂಗಳದಂಥ ಬಯಲಿನಲ್ಲಿ, ಹಲವು ಬಾರಿ ಗುಂಪಾಗಿ, ದನಗಳ ಕಾಲ ಬಳಿ ಇರುತ್ತದೆ. ವರ್ಷವಿಡೀ ಇಲ್ಲೇ ಇರುವ ಕಪ್ಪು-ಬಿಳಿ ಸಿಪಿಲೆಗೆ ಹಳದಿಯೇ ಇಲ್ಲ.

ಮೊಟ್ಟೆ ಇಡಲು ಬರುತ್ತದೆಯೇ?

ಇಲ್ಲ. ಇದು ಗೂಡು ಕಟ್ಟುವುದು ಹಿಮಾಲಯ, ಯುರೋಪ್ ಮತ್ತು ಉತ್ತರ ಏಷ್ಯಾದ ತೊರೆಗಳ ದಂಡೆಯಲ್ಲಿ, ಬೇಸಿಗೆಯಲ್ಲಿ. ಅಲ್ಲಿ ಚಳಿ ಬಿದ್ದು ಹುಳ-ಹುಪ್ಪಟೆ ಕಡಿಮೆಯಾದಾಗ ಆಹಾರಕ್ಕಾಗಿ ದಕ್ಷಿಣಕ್ಕೆ ಬರುತ್ತದೆ. ಸೆಪ್ಟೆಂಬರ್ ಹೊತ್ತಿಗೆ ನಮ್ಮಲ್ಲಿ ಕಾಣಿಸಿಕೊಂಡು ಏಪ್ರಿಲ್ ಒಳಗೆ ಮರಳುತ್ತದೆ. ಗಂಡಿನ ಕುತ್ತಿಗೆ ಕಪ್ಪಾಗುವುದು ಸಂತಾನದ ಕಾಲದಲ್ಲಿ. ನಮಗೆ ಹೆಚ್ಚಾಗಿ ಕಾಣುವುದು ಬಿಳಿ ಕುತ್ತಿಗೆಯೇ. ಕೆಲವು ಹಕ್ಕಿಗಳು ಪ್ರತಿ ಚಳಿಗಾಲವೂ ಅದೇ ಚಿಕ್ಕ ಕೈತೋಟಕ್ಕೆ ಮರಳಿದ ದಾಖಲೆಗಳಿವೆ.

ಹಾಗಾದರೆ ತಪ್ಪು ತಿಳಿವಳಿಕೆ ಬಂದದ್ದು ಹೇಗೆ? ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಬಂದು ಗೂಡು ಕಟ್ಟುವುದನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಅವು ನಮ್ಮ ಉಪಖಂಡದವೇ ಹಕ್ಕಿಗಳು. ಆ ಮಾತನ್ನೇ ದೂರದಿಂದ ಬರುವ ಎಲ್ಲ ಹಕ್ಕಿಗಳಿಗೂ ಅನ್ವಯಿಸಿಬಿಡುತ್ತೇವೆ.

ಫಾರ್ವರ್ಡ್‌ನಲ್ಲಿ ಕಳೆದುಹೋಗುವುದೇನು?

ಎಲ್ಲಿ, ಯಾವಾಗ ಕಂಡಿತು ಎಂಬ ಎರಡೇ ಮಾಹಿತಿ. ಮರ್ಲಿನ್‌ನಂಥ ಹಕ್ಕಿ ಗುರುತಿಸುವ ಆ್ಯಪ್ ಕೂಡ ಜಾಗ ಮತ್ತು ದಿನಾಂಕ ಕೇಳುವುದು ಇದಕ್ಕೇ. 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ 942 ಪ್ರಭೇದಗಳ ಸ್ಥಿತಿಗತಿ ಅಳೆದದ್ದು ಸುಮಾರು 30,000 ಪಕ್ಷಿವೀಕ್ಷಕರು ಇಬರ್ಡ್‌ನಲ್ಲಿ ದಾಖಲಿಸಿದ ಇಂಥ ಮಾಹಿತಿಯಿಂದಲೇ. ಯಾವ ಹಕ್ಕಿ ಕಡಿಮೆಯಾಗುತ್ತಿದೆ ಎಂದು ತಿಳಿಯಲು ಅದೇ ಆಧಾರ. ಊರು, ತಾರೀಖು ಇಲ್ಲದ ಫೋಟೋ ಎಷ್ಟೇ ಚೆನ್ನಾಗಿದ್ದರೂ ಈ ಕೆಲಸಕ್ಕೆ ಬರುವುದಿಲ್ಲ.

ನಾವೇನು ಮಾಡಬಹುದು?

• ನಾವೇ ತೆಗೆದ ಫೋಟೋ ಆದರೆ ಊರು, ತಾರೀಖು, ಹಕ್ಕಿ ಏನು ಮಾಡುತ್ತಿತ್ತು ಎಂದು ಬರೆದು ಕಳಿಸೋಣ.

• ಬೇರೆಯವರದಾದರೆ ‘ಎಲ್ಲಿ, ಯಾವಾಗ ತೆಗೆದದ್ದು?’ ಎಂದು ಕೇಳೋಣ. ಉತ್ತರ ಸಿಗದಿದ್ದರೆ ‘ಅಪರೂಪ’ ಎಂದು ಹಂಚುವುದು ಬೇಡ.

• ಹಕ್ಕಿ ಸುಸ್ತಾಗಿ ಬಿದ್ದಿದ್ದರೆ ಬಾಯಿಗೆ ನೀರು ಹಾಕಬೇಡಿ, ಉಸಿರುಗಟ್ಟಬಹುದು. ಗಾಳಿಯಾಡುವ ರಟ್ಟಿನ ಡಬ್ಬದಲ್ಲಿಟ್ಟು ಅರಣ್ಯ ಇಲಾಖೆಗೆ ತಿಳಿಸಿ. ಇಂಥ ಹಕ್ಕಿಯನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಒಟ್ಟಿನಲ್ಲಿ: ಹಕ್ಕಿ ನಿಜ, ವಲಸೆಯೂ ನಿಜ. ‘ಅಪರೂಪ’, ‘ಮೊಟ್ಟೆ ಇಡಲು ಬಂದಿದೆ’ ಎಂಬ ಮಾತುಗಳು ತಪ್ಪು.