ಎರಡು ತಲೆಯ ವೈರ್ ಕತ್ತರಿಸಿ, ಚೇಂಜ್‌ಓವರ್ ಹಾಕಿಸಿ

ಈಗ ಹಳ್ಳಿಗಳಲ್ಲೂ ಜನರೇಟರ್ ಅಪರೂಪವಲ್ಲ. ಹಿಟ್ಟಿನ ಗಿರಣಿ, ಕೋಳಿ ಫಾರಂ, ಹಾಲಿನ ಡೇರಿ, ಕಲ್ಯಾಣ ಮಂಟಪ, ಸ್ವಲ್ಪ ಅನುಕೂಲ ಇದ್ದವರ ಮನೆ, ಎಲ್ಲೆಲ್ಲೂ ಇದೆ. ಜನರೇಟರ್ ಇಟ್ಟುಕೊಳ್ಳುವುದು ತಪ್ಪಲ್ಲ. ಹಾಲು ಒಡೆದರೆ ಎಸ್ಕಾಂನವರು ಬಂದು ದುಡ್ಡು ಕೊಡುವುದಿಲ್ಲ. ತಪ್ಪು ಇರುವುದು ಅದನ್ನು ವೈರಿಂಗಿಗೆ ಸೇರಿಸುವ ರೀತಿಯಲ್ಲಿ.

ಎರಡೂ ತುದಿಗೆ ಪ್ಲಗ್ ಇರುವ ವೈರ್ ನೀವು ನೋಡಿರುತ್ತೀರಿ. ಒಂದು ತಲೆ ಜನರೇಟರಿಗೆ, ಇನ್ನೊಂದು ತಲೆ ಮನೆಯ ಸಾಕೆಟ್ಟಿಗೆ. ಮನೆಯೆಲ್ಲ ಬೆಳಕು! ಆದರೆ ಮೇನ್ ಸ್ವಿಚ್ ಆಫ್ ಮಾಡಲು ಮರೆತರೆ ಅದೇ ಕರೆಂಟು ಮೀಟರ್ ದಾಟಿ ಹಿಂದಕ್ಕೆ ಹೊರಟು ಕಂಬ ಹತ್ತುತ್ತದೆ. ಕಂಬದ ಮೇಲೆ ಲೈನ್ ಆಫ್ ಆಗಿದೆ ಎಂದು ನಂಬಿದ ಪವರ್‌ಮ್ಯಾನ್ ಇರುತ್ತಾನೆ. ಟಿಸಿಯ ಫ್ಯೂಸ್ ಕಿತ್ತು, ತಾನು ಮಾಡಬೇಕಾದದ್ದನ್ನೆಲ್ಲ ಮಾಡಿ ಹತ್ತಿದವನು. ಅವನಿಗೆ ಶಾಕ್ ಹೊಡೆಯುವುದು ನಿಮ್ಮ ಮನೆಯ ಜನರೇಟರಿನಿಂದ.

"ಇಷ್ಟು ಚಿಕ್ಕ ಜನರೇಟರ್ ಊರಿಗೆಲ್ಲ ಕರೆಂಟ್ ಕೊಡುತ್ತದಾ? ಲೋಡಿಗೆ ತಾನೇ ಆಫ್ ಆಗುತ್ತೆ ಬಿಡ್ರಿ" ಎನ್ನುವವರಿದ್ದಾರೆ. ಇಡೀ ಊರಿನ ಲೋಡ್ ಬಿದ್ದರೆ ಆಫ್ ಆಗಬಹುದು. ಆದರೆ ತಂತಿ ತುಂಡಾಗಿ ನಾಲ್ಕು ಮನೆ ಮಾತ್ರ ನಿಮ್ಮ ಕಡೆ ಉಳಿದಿದ್ದರೆ? ಆಗ 230 ವೋಲ್ಟ್ ತಂತಿಯಲ್ಲೇ ನಿಂತಿರುತ್ತದೆ. ಒಬ್ಬ ಮನುಷ್ಯನನ್ನು ಕೊಲ್ಲಲು ಅಷ್ಟು ಸಾಕು. ಇನ್ನೊಂದು ಮಾತು: 11,000 ವೋಲ್ಟನ್ನು ಇಳಿಸುವ ಟಿಸಿ, ಕೆಳಗಿನಿಂದ ಕರೆಂಟ್ ಕೊಟ್ಟರೆ ಅದನ್ನು ಮೇಲಕ್ಕೂ ಏರಿಸುತ್ತದೆ. ಟ್ರಾನ್ಸ್‌ಫಾರ್ಮರಿಗೆ ದಿಕ್ಕಿನ ಹಂಗಿಲ್ಲ.

"ನಾನು ಮೇನ್ ಆಫ್ ಮಾಡಿಯೇ ಹಾಕುವುದು" ಎನ್ನುವವರೂ ಇದ್ದಾರೆ. ನೀವು ಮಾಡುತ್ತೀರಿ, ಒಪ್ಪೋಣ. ನೀವು ಊರಲ್ಲಿಲ್ಲದ ದಿನ ನಿಮ್ಮ ಮಗ ಮಾಡುತ್ತಾನಾ? ರಾತ್ರಿ ಎರಡು ಗಂಟೆಗೆ ಮಳೆಯಲ್ಲಿ ಕೆಲಸದ ಹುಡುಗ ನೆನಪಿಡುತ್ತಾನಾ? ಇನ್ನೊಬ್ಬನ ಜೀವವನ್ನು ನಮ್ಮ ನೆನಪಿನ ಮೇಲೆ ನಿಲ್ಲಿಸಬಾರದು. ಸಾಕೆಟ್ಟಿನಿಂದ ಆ ಪ್ಲಗ್ ಜಾರಿ ಬಿದ್ದರೂ ಅದರ ಬರಿಯ ಪಿನ್ನುಗಳಲ್ಲಿ ಕರೆಂಟ್ ಇರುತ್ತದೆ. ಅದನ್ನು ಮೊದಲು ಮುಟ್ಟುವುದು ನಿಮ್ಮದೇ ಮನೆಯ ಮಗು.

ಇದಕ್ಕೆ ಮದ್ದು ಹೊಸದೇನಲ್ಲ, ಚೇಂಜ್‌ಓವರ್ ಸ್ವಿಚ್. ಅದರ ಹಿಡಿಗೆ ಮೂರು ಸ್ಥಾನ: ಒಂದು ಕಡೆ ಲೈನ್, ಇನ್ನೊಂದು ಕಡೆ ಜನರೇಟರ್, ನಡುವೆ ಆಫ್. ಒಂದನ್ನು ಬಿಟ್ಟ ಮೇಲೆಯೇ ಇನ್ನೊಂದನ್ನು ಹಿಡಿಯುತ್ತದೆ. ಎರಡನ್ನೂ ಒಟ್ಟಿಗೆ ಸೇರಿಸಬೇಕೆಂದರೂ ಆಗದಂತೆ ಅದರ ಒಳಗಿನ ರಚನೆಯೇ ಇದೆ. ಎರಡು ಬೇರೆ ಬೇರೆ ಎಂಸಿಬಿ ಹಾಕಿ "ಇದೇ ಚೇಂಜ್‌ಓವರ್" ಎನ್ನುವ ವೈರ್‌ಮನ್ ಮಾತು ನಂಬಬೇಡಿ. ಅವೆರಡೂ ಒಟ್ಟಿಗೆ ಆನ್ ಆಗುತ್ತವೆ.

ಕೆಲಸ ಮಾಡಿಸುವಾಗ ನಿಂತು ನೋಡಿ. ಮೀಟರ್ ಮತ್ತು ಮೇನ್ ದಾಟಿ ಬಂದ ವೈರ್ ಒಂದು ಕಡೆಯ ಟರ್ಮಿನಲ್ಲಿಗೆ, ಜನರೇಟರಿನ ವೈರ್ ಇನ್ನೊಂದು ಕಡೆಗೆ, ಎರಡಕ್ಕೂ ಸಾಮಾನ್ಯವಾದ ಟರ್ಮಿನಲ್ಲಿನಿಂದ ಮನೆಯ ಬೋರ್ಡಿಗೆ. ಸಿಂಗಲ್ ಫೇಸ್ ಮನೆಗೆ ಎರಡು ಪೋಲಿನದು ಬೇಕು, ಫೇಸ್ ಮತ್ತು ನ್ಯೂಟ್ರಲ್ ಎರಡೂ ಬದಲಾಗಬೇಕು. ತ್ರೀ ಫೇಸಿಗೆ ನಾಲ್ಕು ಪೋಲಿನದು. ಕಾಸು ಉಳಿಸಲು ನ್ಯೂಟ್ರಲನ್ನು ನೇರ ಜೋಡಿಸಿಬಿಡುತ್ತಾರೆ. ಹಾಗೆ ಮಾಡಿದರೆ ಜನರೇಟರಿಗೂ ಹೊರಗಿನ ಲೈನಿಗೂ ಸಂಬಂಧ ಪೂರ್ತಿ ಕಡಿಯುವುದಿಲ್ಲ. ಅರ್ಥಿಂಗ್ ವೈರ್ ಮಾತ್ರ ಸ್ವಿಚ್ಚಿನ ಮೂಲಕ ಹೋಗಬಾರದು, ಅದು ಯಾವಾಗಲೂ ಜೋಡಿಸಿಯೇ ಇರಬೇಕು. ಗಿರಣಿಯವರು ಇನ್ನೊಂದು ನೋಡಿಕೊಳ್ಳಿ: ಜನರೇಟರಿನ ಮೂರು ಫೇಸ್ ಲೈನಿನ ಕ್ರಮದಲ್ಲೇ ಇರಬೇಕು, ಇಲ್ಲವಾದರೆ ಮೋಟಾರ್ ಉಲ್ಟಾ ತಿರುಗುತ್ತದೆ. ಕೆಲಸ ಲೈಸೆನ್ಸ್ ಇದ್ದವರಿಂದಲೇ ಆಗಲಿ. ಯೂಟ್ಯೂಬ್ ನೋಡಿ ನೀವೇ ಕೈ ಹಾಕಬೇಡಿ. ಖರ್ಚಿನ ಮಾತು ಬೇಡ. ಮನೆಗೆ ಸಾಕಾಗುವ ಚೇಂಜ್‌ಓವರಿನ ಬೆಲೆ ನೀವು ಇದನ್ನು ಓದುತ್ತಿರುವ ಫೋನಿಗಿಂತ ಕಡಿಮೆ.

ಇನ್ನು ಎಸ್ಕಾಂನವರಿಗೆ ಎರಡು ಮಾತು. ಕಂಬದಲ್ಲಿ ಹೆಣ ನೇತಾಡಿದ ಮೇಲೆ "ಗ್ರಾಹಕರ ನಿರ್ಲಕ್ಷ್ಯ" ಎಂದು ಬರೆಯುವುದು ಸುಲಭ. ನಿಮ್ಮ ಮೀಟರ್ ರೀಡರ್ ತಿಂಗಳಿಗೊಮ್ಮೆ ಬಂದು ಆ ಬೋರ್ಡಿನ ಮುಂದೆಯೇ ನಿಲ್ಲುತ್ತಾನೆ. ಜನರೇಟರ್ ಇದೆಯಾ, ಚೇಂಜ್‌ಓವರ್ ಇದೆಯಾ ಎಂದು ಬರೆದುಕೊಳ್ಳಲು ಎಷ್ಟು ಹೊತ್ತು? ಸೆಕ್ಷನ್ ಆಫೀಸಿನಲ್ಲಿ ಆ ಪಟ್ಟಿ ಇದ್ದರೆ ಯಾವ ಲೈನಿನಲ್ಲಿ ಅಪಾಯ ಎಂದು ಹತ್ತುವವನಿಗೆ ಮೊದಲೇ ಗೊತ್ತಾಗುತ್ತದೆ. ಗ್ಲೌಸ್, ಟೆಸ್ಟರ್, ಲೈನನ್ನು ಭೂಮಿಗೆ ಜೋಡಿಸುವ ಅರ್ಥಿಂಗ್ ರಾಡ್, ಇವು ಗುತ್ತಿಗೆ ನೌಕರನ ಕೈಗೂ ಸಿಗಲಿ. ಕೆಲಸ ಮಾಡುವ ಜಾಗದ ಎರಡೂ ಬದಿ ಅರ್ಥ್ ಮಾಡಿ ಹತ್ತಿದವನನ್ನು ಹಿಂದಿನಿಂದ ಬಂದ ಕರೆಂಟಿನಿಂದಲೂ ಕಾಪಾಡಬಹುದು.

ವೈರ್‌ಮನ್ ಅಣ್ಣಂದಿರೇ, ಎರಡು ತಲೆಯ ವೈರ್ ಮಾಡಿಕೊಡಿ ಎಂದು ಯಾರಾದರೂ ಬಂದರೆ ಆಗಲ್ಲ ಎನ್ನಿ. ಕಂಬ ಹತ್ತುವವನು ನಿಮ್ಮ ಕಸುಬಿನವನೇ.

ಓದುಗರೇ, ನಿಮ್ಮ ಮನೆಯಲ್ಲಿ ಅಂಥ ವೈರ್ ಇದ್ದರೆ ಜನರೇಟರ್ ಆಫ್ ಮಾಡಿ, ಎರಡೂ ಪ್ಲಗ್ ಕಿತ್ತು ವೈರನ್ನು ತುಂಡು ಮಾಡಿ ಎಸೆಯಿರಿ. ಚೇಂಜ್‌ಓವರ್ ಬರುವ ತನಕ ಫ್ರಿಜ್ಜನ್ನೋ ಲೈಟನ್ನೋ ಎಕ್ಸ್‌ಟೆನ್ಶನ್ ವೈರಿನಲ್ಲಿ ನೇರ ಜನರೇಟರಿಗೆ ಹಾಕಿಕೊಳ್ಳಿ, ಮನೆಯ ಸಾಕೆಟ್ಟಿಗೆ ಬೇಡ. ನಿಮ್ಮ ಊರಿಗೆ ಬೆಳಕು ಕೊಡಲು ಹತ್ತಿದವನು ಕೆಳಗಿಳಿದು ತನ್ನ ಮನೆಗೆ ಹೋಗಲಿ.