ಪುರಾಣಚಿತ್ರದಲ್ಲಿ ನಗೆಯ ಪಾತ್ರ

ದೇವರ ಕಥೆಯೂ ನಗೆಯೂ ಒಂದೆಡೆ ಸೇರಲಾರವೆಂದು ಭಾವಿಸುವ ಗಂಭೀರಸ್ವಭಾವದ ಜನರು ಎಲ್ಲ ಕಾಲದಲ್ಲಿಯೂ ಇದ್ದಾರೆ. ನಮ್ಮ ಹಳ್ಳಿಗಳ ಆಟಗಳನ್ನು ಕಂಡವರು ಈ ಮಾತನ್ನು ಒಪ್ಪಲಾರರು. ತೊಗಲುಗೊಂಬೆಯಾಟದಲ್ಲಿ ಗಣಪತಿ ಸರಸ್ವತಿಯರ ಸ್ತುತಿ ಮುಗಿಯಿತೋ ಇಲ್ಲವೋ, ಕಿಳ್ಳೇಕ್ಯಾತನೂ ಅವನ ಹೆಂಡತಿ ಬಂಗಾರಕ್ಕನೂ ಪರದೆಯ ಮೇಲೆ ಹಾಜರಾಗಿ ಜಗಳಕ್ಕೆ ನಿಲ್ಲುತ್ತಾರೆ. ಯಕ್ಷಗಾನದ ಒಡ್ಡೋಲಗಕ್ಕೆ ಸುದ್ದಿ ಹೊತ್ತು ಬರುವ ದೂತನು ಹಾಸ್ಯಗಾರನೇ. ನಡುರಾತ್ರಿಯಲ್ಲಿ ತೂಕಡಿಸುವವರನ್ನು ಎಚ್ಚರಿಸಿ ಪುನಃ ಕಥೆಯ ಬಳಿಗೆ ಕರೆತರುವವರು ಇವರು.

ಇಂದು ಪುರಾಣವು ಚಿತ್ರಗಳ ಚೌಕದೊಳಕ್ಕೂ ಬಂದಿದೆ. ಕಾರ್ಕಳದಲ್ಲಿ ಜನಿಸಿದ ಅನಂತ ಪೈ ಅವರು 1967ರಲ್ಲಿ ಆರಂಭಿಸಿದ ‘ಅಮರ ಚಿತ್ರಕಥೆ’ಯ ಪುಸ್ತಕಗಳನ್ನು ಓದಿ ಬೆಳೆದವರು ಅಸಂಖ್ಯರು. ಅಲ್ಲಿ ಪ್ರಧಾನವಾದುದು ವೀರ ಮತ್ತು ಭಕ್ತಿ. ನಗೆಚಿತ್ರಮಾಲೆಯ ಮಾತು ಬೇರೆ. ಅದು ಮೂರು ನಾಲ್ಕು ಚೌಕಗಳಲ್ಲಿ ಮುಗಿಯಬೇಕು. ವಾರ ವಾರವೂ ಅದೇ ಮುಖಗಳು ಬರಬೇಕು. ಅಲ್ಲಿ ಕಥೆಗಿಂತ ಪಾತ್ರವೇ ಬಂಡವಾಳ. ಆದುದರಿಂದ ಅದನ್ನು ಬರೆಯುವವನು ಕುಂಚವನ್ನು ಹಿಡಿಯುವ ಮೊದಲೇ ಒಂದು ವಿಷಯವನ್ನು ನಿರ್ಧರಿಸಬೇಕು: ಓದುಗರು ನಗಬೇಕಾದುದು ಯಾವುದನ್ನು ಕಂಡು?

ಈ ಪ್ರಶ್ನೆಯ ತೂಕವು ನನಗೆ ತಿಳಿದುದು ಹುಡುಗನಾಗಿದ್ದಾಗ. ನಮ್ಮ ಶಾಲೆಯ ಗೋಡೆಪತ್ರಿಕೆಗೆ ಚಿತ್ರ ಬರೆಯುವ ಕೆಲಸ ನನ್ನದಾಗಿತ್ತು. ಊರಿನ ಗಣಪತಿ ಗುಡಿಯ ಅರ್ಚಕರು ಒಂದು ಕಾಲನ್ನು ಎಳೆದು ನಡೆಯುತ್ತಿದ್ದರು. ನಾನು ಆ ನಡಿಗೆಯನ್ನೇ ಚಿತ್ರಿಸಿ, ಅವರು ಗರ್ಭಗುಡಿಯನ್ನು ತಲುಪುವಷ್ಟರಲ್ಲಿ ಗಣಪತಿಯು ಹಸಿವಿನಿಂದ ಸೊರಗಿ ಕಡ್ಡಿಯಾದಂತೆ ಬರೆದೆ. ತರಗತಿಯೆಲ್ಲ ನಕ್ಕಿತು. ಹಿಂದಿನ ಸಾಲಿನಲ್ಲಿ ಅವರ ಮಗ ಕುಳಿತಿದ್ದ. ಅವನು ಅಳಲೂ ಇಲ್ಲ, ಜಗಳಕ್ಕೂ ಬರಲಿಲ್ಲ. ಮಧ್ಯಾಹ್ನದ ಬುತ್ತಿಯನ್ನು ನಮ್ಮೊಡನೆ ಬಿಚ್ಚುವುದನ್ನು ಮಾತ್ರ ನಿಲ್ಲಿಸಿದ.

ಆ ಚಿತ್ರದಲ್ಲಿ ಪಾತ್ರವೇ ಇರಲಿಲ್ಲವೆಂದು ಈಗ ನನಗನ್ನಿಸುತ್ತದೆ. ಇದ್ದುದು ಒಂದು ಕುಂಟುಕಾಲು. ಅಂಗವೈಕಲ್ಯ, ಮೈಬಣ್ಣ, ಮಾತಿನ ತೊದಲು, ಒಂದು ಸೀಮೆಯ ಆಡುನುಡಿ — ಇವನ್ನು ಯಾರೂ ಆರಿಸಿಕೊಂಡು ಪಡೆದಿರುವುದಿಲ್ಲ. ಇವುಗಳಿಂದ ಹುಟ್ಟುವ ನಗೆ ಒಂದೇ ಸಲಕ್ಕೆ ತೀರುತ್ತದೆ. ಎರಡನೆಯ ವಾರಕ್ಕೆ ಹೇಳಲು ಏನೂ ಉಳಿಯುವುದಿಲ್ಲ. ಸ್ವಭಾವದ ದೋಷವಾದರೋ ಬತ್ತದ ಒರತೆ.

ಉದಾಹರಣೆಗೆ ಹರಕೆರಾಯರೆಂಬ ಒಬ್ಬರನ್ನು ಕಲ್ಪಿಸಿಕೊಳ್ಳಿರಿ. ಮಗನು ಪರೀಕ್ಷೆಗೆ ಕೂಡುವ ದಿನ ಗಣಪತಿಗೆ ನೂರೊಂದು ತೆಂಗಿನಕಾಯಿಯ ಹರಕೆ ಹೊರುತ್ತಾರೆ. ಮಗನು ಪಾಸಾದ ಮೇಲೆ ಅದು ಹನ್ನೊಂದಕ್ಕೆ ಇಳಿಯುತ್ತದೆ. ಕಡೆಗೆ ಒಂದೇ ಕಾಯಿಯನ್ನು ಒಡೆಸಿ, ಎರಡು ಹೋಳುಗಳನ್ನೂ ಮನೆಗೆ ಒಯ್ಯುತ್ತಾರೆ. ಭಕ್ತಿಯಿಲ್ಲದವರೇನಲ್ಲ, ಭಕ್ತಿಯೊಳಗೆ ಚೌಕಾಸಿ ಬೆರೆತಿದೆ, ಅಷ್ಟೆ. ಇವರಿಗೆ ಮಳೆಗಾಲದಲ್ಲಿಯೂ ಬಿಚ್ಚದ ಒಂದು ಹೊಸ ಕೊಡೆಯನ್ನೂ ಬಾಯಿ ಬಿಗಿದ ಒಂದು ಚೀಲವನ್ನೂ ಕೊಟ್ಟರೆ, ಬೆನ್ನು ಮಾತ್ರ ಕಾಣಿಸಿದರೂ ಓದುಗನು ಗುರುತಿಸುತ್ತಾನೆ. ಮೈಸೂರಿನವರಾದ ಆರ್. ಕೆ. ಲಕ್ಷ್ಮಣ್ ಅವರು 1951ರಿಂದ ಚಿತ್ರಿಸುತ್ತ ಬಂದ ‘ಸಾಮಾನ್ಯ ಮನುಷ್ಯ’ನಲ್ಲಿ ಈ ಮಿತವ್ಯಯವನ್ನು ಕಾಣಬಹುದು. ಮೊದಮೊದಲು ಬೇರೆ ಬೇರೆ ಪ್ರಾಂತಗಳ ಹಲವರನ್ನು ಬರೆಯುತ್ತಿದ್ದ ಅವರು ಕ್ರಮೇಣ ಅವರನ್ನೆಲ್ಲ ಕಳೆದು ಒಬ್ಬನನ್ನು ಉಳಿಸಿಕೊಂಡರು. ಚೌಕಳಿ ಕೋಟು, ಧೋತ್ರ, ಕನ್ನಡಕ, ಬಾಯಲ್ಲಿ ಮಾತಿಲ್ಲ. ಅಷ್ಟರಿಂದಲೇ ಅವನು ದೇಶಕ್ಕೆ ಪರಿಚಿತನಾದ.

ಹಾಗಾದರೆ ಚಿತ್ರದಲ್ಲಿ ದೇವರ ಪಾಡೇನು? ನನ್ನ ಅಭಿಪ್ರಾಯದಲ್ಲಿ ದೇವರು ಹೆಚ್ಚು ಮಾತನಾಡದಿರುವುದೇ ಲೇಸು. ಮಾತನ್ನು ಇಲಿಗೆ ಬಿಟ್ಟುಕೊಡಬಹುದು. ಗಣಪತಿಯ ಪಾದದ ಬಳಿಯಲ್ಲಿ ಕುಳಿತು ಬಂದವರೆಲ್ಲರ ಬೇಡಿಕೆಗಳನ್ನು ಕೇಳುವ ಪ್ರಾಣಿ ಅದು. ಲೆಕ್ಕವಿಡಲು ಅದಕ್ಕಿಂತ ತಕ್ಕ ಗುಮಾಸ್ತನಿಲ್ಲ.

ಪಾತ್ರವು ಎಂದೆಂದಿಗೂ ಹಾಗೆಯೇ ಇರಬೇಕೇ ಎಂಬುದು ಇನ್ನೊಂದು ಪ್ರಶ್ನೆ. ಇದಕ್ಕೆ ಉತ್ತರಕುಮಾರನಿಗಿಂತ ಉತ್ತಮ ನಿದರ್ಶನವು ನನಗೆ ಕಾಣದು. ಕುಮಾರವ್ಯಾಸನ ವಿರಾಟಪರ್ವವನ್ನು ಓದಿದ ಯಾರು ತಾನೇ ಅವನನ್ನು ಮರೆತಾರು? ಹೆಂಗಸರ ನಡುವೆ ಕುಳಿತು ಕೌರವಸೇನೆಯನ್ನೆಲ್ಲ ಮಾತಿನಲ್ಲಿಯೇ ಗೆದ್ದವನು, ಸೇನೆಯನ್ನು ಕಣ್ಣಾರೆ ಕಂಡೊಡನೆ ರಥದಿಂದ ಧುಮುಕಿ ಓಡುತ್ತಾನೆ. ಸಾರಥಿಯಾಗಿ ಬಂದ ಬೃಹನ್ನಳೆ ಅವನನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯಬೇಕಾಗುತ್ತದೆ! ನಾವು ಹೊಟ್ಟೆತುಂಬ ನಗುತ್ತೇವೆ. ಆದರೆ ಮಹಾಭಾರತವು ಅವನನ್ನು ಅಲ್ಲಿಗೇ ಕೈಬಿಡುವುದಿಲ್ಲ. ಯುದ್ಧವು ಮುಗಿದು ತಂದೆಯು ಹೊಗಳತೊಡಗಿದಾಗ, ಗೆದ್ದವನು ತಾನಲ್ಲವೆಂದು ಅವನೇ ಹೇಳುತ್ತಾನೆ. ಮುಂದೆ ಕುರುಕ್ಷೇತ್ರದ ಮೊದಲನೆಯ ದಿನವೇ ಶಲ್ಯನನ್ನು ಎದುರಿಸಿ ಮಡಿಯುತ್ತಾನೆ. ವಾರದ ಚಿತ್ರಮಾಲೆಗೆ ಇಷ್ಟು ದೂರ ಹೋಗಲು ಸ್ಥಳವಿರದು. ಆದರೂ ಹರಕೆರಾಯರು ವರ್ಷಕ್ಕೊಮ್ಮೆಯಾದರೂ, ಯಾರೂ ನೋಡದ ಹೊತ್ತಿನಲ್ಲಿ, ಗುಡಿಯ ಜಗುಲಿಯಲ್ಲಿ ನೆನೆಯುತ್ತಿರುವ ಭಿಕ್ಷುಕನಿಗೆ ಆ ಕೊಡೆಯನ್ನು ಬಿಚ್ಚಿ ಹಿಡಿಯಬೇಕು.

ಒಂದು ಆಕ್ಷೇಪವನ್ನು ನಾನು ಮರೆತಿಲ್ಲ. ಕಿಳ್ಳೇಕ್ಯಾತನ ಗೊಂಬೆಯೂ ವಿಕಾರವೇ ಅಲ್ಲವೇ? ಹೌದು. ಆದರೆ ಆ ಗೊಂಬೆಯನ್ನು ಕೊರೆದು ಆಡಿಸುತ್ತ ಬಂದ ಕಲಾವಿದರ ಸಮುದಾಯಕ್ಕೂ ಅದೇ ಹೆಸರಿದೆ. ಅವರು ಆಡಿಸುವುದು ತಮ್ಮ ಹೆಸರಿನವನನ್ನೇ. ತನ್ನನ್ನು ತಾನು ನಗುವವನಿಗಿರುವ ಸಲಿಗೆ ಎದುರುಮನೆಯವನಿಗಿಲ್ಲ. ಅನ್ಯಮತದ ಆಚಾರವನ್ನು ನಗೆಗೆ ತರಲು ಹೊರಟ ಚಿತ್ರಕಾರನು, ಮೊದಲು ತನ್ನ ಮನೆಯ ದೇವರಕೋಣೆಯ ಮುಂದೆ ಒಂದು ವರ್ಷ ಕುಳಿತು ಬರೆಯಲಿ ಎಂದೇ ನಾನು ಹೇಳುತ್ತೇನೆ.

ಗೋಡೆಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ಅರ್ಚಕರ ಚಿತ್ರವಿರಲಿಲ್ಲ. ಹರಕೆರಾಯರೂ ಇಲಿಯೂ ಹುಟ್ಟಿದುದು ಆಗಲೇ. ಅಂಟಿಸಿ ಮುಗಿಸುವಷ್ಟರಲ್ಲಿ ಅರ್ಚಕರ ಮಗನು ಬಂದು ಹಿಂದೆ ನಿಂತಿದ್ದ. ಬಹಳ ಹೊತ್ತು ನೋಡಿದ. “ನಮ್ಮಪ್ಪನ ಹತ್ತಿರ ಇಂಥವರು ವಾರಕ್ಕೆ ನಾಲ್ಕು ಜನ ಬರುತ್ತಾರೆ ಕಣೋ, ಹೇಳುತ್ತೇನೆ ಬರೆದುಕೋ” ಎಂದ. ಅಂದು ಮಧ್ಯಾಹ್ನ ನಾವಿಬ್ಬರೂ ಹುಣಸೆಮರದ ಕೆಳಗೆ ಬುತ್ತಿಯನ್ನು ಬಿಚ್ಚಿಕೊಂಡು ಕುಳಿತು, ಇಲಿಗೆ ಕನ್ನಡಕ ಬೇಕೇ ಬೇಡವೇ ಎಂದು ಗಂಟೆ ಬಾರಿಸುವವರೆಗೂ ವಾದಿಸಿದೆವು.